‘ಜಾತಿಬುದ್ಧಿ’ ಎಂಬ ಮಾತಿನ ಚರಿತ್ರೆ

೧

ನಮ್ಮ ಇಂಡಿ, ಸಿಂದಗಿ ಕಡೆ ಒಂದು ಮಾತು ಬಳಕೆಯಲ್ಲಿದೆ: ‘ಏನ ಮಾಡಿದ್ರೂ ಜಾತಿಬುದ್ಧಿ ಹೋಗಂಗಿಲ್ಲ ಬಿಡ್ರಿ.’ ಕಣದಲ್ಲಿ ಕೂಲಿ ಹೆಚ್ಚು ಕೇಳಿದವನ ಬಗ್ಗೆ ಈ ಮಾತು ಬರುತ್ತದೆ. ಕೊಟ್ಟಷ್ಟು ಇಸಕೊಂಡು ಸುಮ್ಮನೆ ಹೋದವನ ಬಗ್ಗೆಯೂ ಇದೇ ಮಾತು. ಓದಿ, ನೌಕರಿ ಹಿಡಿದು, ಊರಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದವನಿಗೂ ಇದನ್ನೇ ಅನ್ನುತ್ತಾರೆ. ಸಾಲಿ ಅರ್ಧಕ್ಕೆ ಬಿಟ್ಟು ಪುಣೆಗೆ ಗೌಂಡಿ ಕೆಲಸಕ್ಕೆ ಹೋದ ಹುಡುಗನಿಗೂ ಇದನ್ನೇ ಅನ್ನುತ್ತಾರೆ. ಮನುಷ್ಯ ಏನು ಮಾಡಿದರೂ ಅದಕ್ಕೆ ಕಾರಣವಾಗಿ ನಿಲ್ಲುವ ಮಾತು ವಾಸ್ತವದಲ್ಲಿ ಏನನ್ನೂ ವಿವರಿಸುವುದಿಲ್ಲ. ಆದರೂ ಅದು ಇಷ್ಟು ಗಟ್ಟಿಯಾಗಿ ಉಳಿದಿದೆ. ಯಾಕೆ?

ಇದೇ ಮಾತು ಸಾಹಿತ್ಯದ ವೇದಿಕೆಗೆ ಬರುವಾಗ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತದೆ. ಅಲ್ಲಿ ಅದರ ಹೆಸರು ‘ಸಂಸ್ಕಾರ’, ‘ಪ್ರತಿಭೆ’, ‘ಮೆರಿಟ್’. ಪ್ರತಿಭೆ ಜನ್ಮಜಾತವಾದದ್ದು, ಕಲಿಸಿದರೆ ಬರುವಂಥದ್ದಲ್ಲ ಎಂದು ಹಿರಿಯ ವಿಮರ್ಶಕರೊಬ್ಬರು ಗೋಷ್ಠಿಯೊಂದರಲ್ಲಿ ಹೇಳಿದಾಗ ಸಭೆ ತಲೆದೂಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಣದಲ್ಲಿ ಕೇಳಿದ ಮಾತೇ ಮತ್ತೆ ಕೇಳಿಸಿತು. ಇನ್ನೂ ಒಂದು ಸಂಗತಿ ಇದೆ. ಅದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳಲೇಬೇಕು. ದಲಿತ ಸಂವೇದನೆ ರಕ್ತದಿಂದಲೇ ಬರಬೇಕು, ನಮ್ಮ ಸಿಟ್ಟು ನಮ್ಮ ರಕ್ತದಲ್ಲೇ ಇದೆ ಎಂದು ನಮ್ಮವರೂ ಬರೆಯುತ್ತಾರೆ. ಇವರು ವೈರಿಯ ಆಯುಧವನ್ನೇ ತಿರುಗಿಸಿ ಹಿಡಿದಿದ್ದಾರೋ, ಅಥವಾ ಆ ಆಯುಧವೇ ಇವರನ್ನು ಹಿಡಿದಿದೆಯೋ?

ಮನುಷ್ಯನ ಬುದ್ಧಿ ರಕ್ತದಿಂದ ಬರುತ್ತದೆಯೋ, ಬೆಳೆದ ಓಣಿಯಿಂದ ಬರುತ್ತದೆಯೋ ಎಂಬ ಪ್ರಶ್ನೆಯನ್ನು ನಾನಿಲ್ಲಿ ಹಳೆಯ ವಿಜಾಪುರ ಜಿಲ್ಲೆಯ ನಾಲ್ಕು ತಾಲೂಕುಗಳ ನೆಲದ ಮೇಲೆ ನಿಂತು ನೋಡುತ್ತೇನೆ. ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ ಹರಿಯುತ್ತಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ತೆಂಕಣಕ್ಕೆ ಕೃಷ್ಣೆ. ನಡುವೆ ಡೋಣಿ. ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ಗಾದೆ. ಆ ಓಣಿಗಳ ಪೈಕಿ ನಮ್ಮ ಓಣಿ ಇತ್ತೋ ಇಲ್ಲವೋ ಎಂಬುದು ಗಾದೆಗೆ ಗೊತ್ತಿಲ್ಲ.

೨

ಮುದ್ದೇಬಿಹಾಳ, ತಾಳಿಕೋಟೆ ದಾಟಿ ಮೂಡಣಕ್ಕೆ ಹೋದರೆ ಹುಣಸಗಿ ಸಿಗುತ್ತದೆ. ಅದರ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದದ್ದು ಆದಿಮಾನವರ ಒಂದು ಕಾರ್ಖಾನೆಯನ್ನು. ಸುಣ್ಣಗಲ್ಲಿನ ಚಪ್ಪಡಿಗಳನ್ನು ಆರಿಸಿ, ಒಡೆದು, ಚಕ್ಕೆ ಎಬ್ಬಿಸಿ ಕೈಕೊಡಲಿ ಮಾಡುತ್ತಿದ್ದ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲ ಸುಮಾರು ೧೨ ಲಕ್ಷ ವರ್ಷ ಹಿಂದಿನದು ಎಂದು ಲೆಕ್ಕ ಹಾಕಿದ್ದಾರೆ. ಮಾಡಿದವರು ನಮ್ಮ ಜೀವಜಾತಿಯವರೂ ಅಲ್ಲ, ನಮಗಿಂತ ಹಿಂದಿನವರು. ಆದರೆ ಯಾವ ಕಲ್ಲು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ, ಎಲ್ಲಿ ಪೆಟ್ಟು ಹಾಕಿದರೆ ಚಕ್ಕೆ ಏಳುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು. ಆ ತಿಳಿವಳಿಕೆ ಯಾರ ಹೊಟ್ಟೆಯಿಂದಲೂ ಬರಲಿಲ್ಲ. ಎಳೆಯರು ಹಿರಿಯರ ಕೈ ನೋಡಿ ಕಲಿತರು. ಅದಕ್ಕೇ ಕೈಕೊಡಲಿಯ ಆಕಾರ ಲಕ್ಷಾಂತರ ವರ್ಷ ಹೆಚ್ಚು ಬದಲಾಗದೆ ಉಳಿಯಿತು.

ವಿಕಾಸವಾದ ಅಂದಕೂಡಲೇ ನಮ್ಮಲ್ಲಿ ಮಂಗನಿಂದ ಮಾನವನ ಚಿತ್ರವೊಂದು ಕಣ್ಣಮುಂದೆ ಬರುತ್ತದೆ, ಇಲ್ಲವೆ ‘ಬಲಶಾಲಿಗಳು ಉಳಿದರು’ ಎಂಬ ಸೊಕ್ಕಿನ ಮಾತು ಕೇಳಿಸುತ್ತದೆ. ಮನುಷ್ಯನ ವಿಚಾರದಲ್ಲಿ ಸಂಗತಿ ಬೇರೆಯೇ ಇದೆ. ಮನುಷ್ಯ ಉಳಿದದ್ದು ನೋಡಿ ಕಲಿಯುವ ಶಕ್ತಿಯಿಂದ. ಹುಲಿಗೆ ಉಗುರು ಹುಟ್ಟುತ್ತಲೇ ಬರುತ್ತದೆ. ಮನುಷ್ಯನ ಕೂಸಿಗೆ ಬರುವುದು ಕಲಿಯುವ ಹಸಿವೆ ಮಾತ್ರ. ೨೦೦೫ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಪೆಟ್ಟಿಗೆಯಿಂದ ತಿನಿಸು ತೆಗೆಯುವುದನ್ನು ಚಿಂಪಾಂಜಿಗಳಿಗೂ ಮೂರು-ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ತೋರಿಸುವಾಗ ಬೇಕಿಲ್ಲದ ಒಂದೆರಡು ಕೆಲಸಗಳನ್ನೂ ಸೇರಿಸಿದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ಬೇಕಿಲ್ಲದ್ದನ್ನು ಬಿಟ್ಟು ತಿನಿಸು ತೆಗೆದವು. ಮಕ್ಕಳು ಮಾತ್ರ ದೊಡ್ಡವರು ಮಾಡಿದ್ದನ್ನೆಲ್ಲ, ಬೇಕಿಲ್ಲದ್ದನ್ನೂ ಸೇರಿಸಿ, ಹಾಗೇ ಮಾಡಿದರು.

ಮಂಗಕ್ಕಿಂತ ಮನುಷ್ಯ ದಡ್ಡ ಅಂತ ಇದರ ಅರ್ಥವಲ್ಲ. ಯಾಕೆ ಏನು ಅಂತ ಕೇಳದೆ ಹಿರಿಯರು ಮಾಡಿದ್ದನ್ನು ಮಾಡುವ ಗುಣವೇ ಬಿತ್ತನೆ, ಬೇಯಿಸುವುದು, ನೇಯುವುದು, ಮಾತು ಇವೆಲ್ಲ ತಲೆಮಾರಿನಿಂದ ತಲೆಮಾರಿಗೆ ದಾಟಿ ಬರಲು ಕಾರಣ. ಆದರೆ ಅದೇ ದಾರಿಯಲ್ಲಿ ಬೇಕಿಲ್ಲದ್ದೂ ದಾಟಿ ಬರುತ್ತದೆ. ಮುಟ್ಟು-ಮೈಲಿಗೆ ನಮ್ಮ ಊರುಗಳಿಗೆ ದಾಟಿ ಬಂದದ್ದು ಈ ದಾರಿಯಿಂದಲೇ ಎಂದು ನನ್ನ ವಾದ.

ಇಸಾಂಪುರದ ಆಸುಪಾಸಿನಲ್ಲೇ, ಸುರಪುರ ಸೀಮೆಯಲ್ಲೇ ಬೂದಿಹಾಳವಿದೆ. ಹೆಸರಿನಲ್ಲೇ ಬೂದಿ ಇದೆ. ನವಶಿಲಾಯುಗದ ದನಗಾಹಿಗಳು ಸೆಗಣಿ ಒಟ್ಟಿ ಸುಟ್ಟ ಬೂದಿದಿಬ್ಬ ಅಲ್ಲಿದೆ. ೧೯೯೦ರ ದಶಕದಲ್ಲಿ ಪದ್ದಯ್ಯ ಅವರೇ ಅಲ್ಲಿಯೂ ಅಗೆದರು. ದನದ ಕೊಟ್ಟಿಗೆ ಸಿಕ್ಕಿತು, ಮನೆಗಳು ಸಿಕ್ಕವು, ಜತೆಗೆ ದನ ಕಡಿದು ಮಾಂಸ ಹಂಚುತ್ತಿದ್ದ ಒಂದು ನೆಲವೂ ಮೂಳೆಗಳ ಸಮೇತ ಸಿಕ್ಕಿತು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಈ ಸೀಮೆಯ ಮೊದಲ ದನಗಾಹಿಗಳು, ಮೊದಲ ಒಕ್ಕಲಿಗರು ದನ ಸಾಕಿದವರು, ಹಾಲು ಕುಡಿದವರು, ದನದ ಮಾಂಸ ತಿಂದವರು. ಅವರ ಹಟ್ಟಿಯಲ್ಲಿ ಕಡಿಯುವ ನೆಲ ಊರ ಹೊರಗಿರಲಿಲ್ಲ. ತಿನ್ನುವ ಮಾಂಸದ ಮೇಲೆ ಮನುಷ್ಯನನ್ನು ಅಳೆಯುವುದು ಆಮೇಲೆ ಬಂದ ರೂಢಿ. ಅಂಬೇಡ್ಕರ್ ೧೯೪೮ರ ತಮ್ಮ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಗೋಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು ಗ್ರಂಥಗಳ ಆಧಾರದಿಂದ ಕಟ್ಟಿದರು. ಬೂದಿಹಾಳದ ಮೂಳೆಗಳು ಆಗಿನ್ನೂ ಮಣ್ಣಿನಲ್ಲಿದ್ದವು.

೩

ಈಗ ಕೇರಿಗೆ ಬರೋಣ. ನಮ್ಮ ಕಡೆಯ ಮಾತಿನಲ್ಲಿ ‘ರೀ’ ಎಂಬ ಒಂದಕ್ಷರವಿದೆ. ‘ಬರ್ರಿ’, ‘ಕೂಡ್ರಿ’, ‘ಹೌದ್ರಿ’. ಮೈಸೂರು ಕಡೆಯವರಿಗೆ ಇದು ಕೇಳಲು ಇಂಪು. ಆದರೆ ಇದು ಯಾರಿಗೆ ಸಲ್ಲುತ್ತದೆ? ಗೌಡರ ಮನೆಯ ಏಳು ವರ್ಷದ ಹುಡುಗ ಮಾದರ ಓಣಿಯ ಎಪ್ಪತ್ತು ವರ್ಷದ ಮುದುಕನಿಗೆ ‘ಏ ಬಾರಲೇ’ ಅನ್ನುತ್ತಿದ್ದ. ಮುದುಕ ಆ ಹುಡುಗನಿಗೆ ‘ಬಂದ್ನ್ರೀ ಯಪ್ಪಾ’ ಅನ್ನುತ್ತಿದ್ದ. ಇಬ್ಬರಿಗೂ ಇದನ್ನು ಯಾರೂ ಕೂಡಿಸಿಕೊಂಡು ಪಾಠ ಮಾಡಿರಲಿಲ್ಲ. ಅಕ್ಷರ ಕಲಿಯುವ ಮೊದಲೇ, ಎಣಿಕೆ ಕಲಿಯುವ ಮೊದಲೇ, ಯಾರಿಗೆ ‘ರೀ’ ಯಾರಿಗೆ ‘ಲೇ’ ಎಂಬುದನ್ನು ನಾಲಿಗೆ ಕಲಿತಿತ್ತು.

ನಾಲಿಗೆಯಾದ ಮೇಲೆ ಮೈ. ಎಷ್ಟು ದೂರ ನಿಲ್ಲಬೇಕು, ರುಮಾಲು ಯಾವಾಗ ಕೈಗೆ ಬರಬೇಕು, ಕಾಲ್ಮರಿ ಎಲ್ಲಿ ಕಳಚಬೇಕು, ನೀರು ಬೇಕಾದರೆ ಬೊಗಸೆ ಹೇಗೆ ಹಿಡಿಯಬೇಕು. ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯಲು ಬೆನ್ನು ಬಾಗಲೇಬೇಕು. ದಿನಕ್ಕೆರಡು ಸಲ ಬಾಗಿದ ಬೆನ್ನು ಹತ್ತು ವರ್ಷದಲ್ಲಿ ಏನು ಕಲಿಯುತ್ತದೆ? ಬಾವಿಯಿಂದ ನೀರೆತ್ತುವ ತೊಗಲ ಬಾನಿಯನ್ನು ಹೊಲಿದು ಕೊಡುವವರು ಮಾದಿಗರು. ಆ ಬಾನಿಯಿಂದ ಮೇಲೆ ಬಂದ ನೀರನ್ನು ಅವರು ಮುಟ್ಟುವಂತಿರಲಿಲ್ಲ. ಇದರಲ್ಲಿ ತರ್ಕವಿಲ್ಲ ಎಂದು ಯಾರಿಗೂ ಅನ್ನಿಸದೆ ಹೋದದ್ದು ಯಾಕೆ? ಪೆಟ್ಟಿಗೆಯ ಮುಂದೆ ಕೂತ ಮೂರು ವರ್ಷದ ಮಗುವಿನ ಉತ್ತರವೇ ಇಲ್ಲಿಯೂ ಉತ್ತರ: ದೊಡ್ಡವರು ಹಾಗೆ ಮಾಡಿದರು.

ಆದರೆ ಬರೀ ಅನುಕರಣೆ ಎಂದು ಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಅನುಕರಣೆಯ ಬೆನ್ನಿಗೆ ಆಯ ಇತ್ತು. ಹೊಲೆಯರು ಸತ್ತ ದನ ಎಳೆಯಬೇಕು, ಡಂಗುರ ಸಾರಬೇಕು, ಹಲಗಿ ಬಾರಿಸಬೇಕು, ಸರಕಾರಿ ಟಪಾಲು ಹೊತ್ತು ಊರಿಂದೂರಿಗೆ ಓಡಬೇಕು. ಅದಕ್ಕೆ ಸುಗ್ಗಿಯಲ್ಲಿ ಕಣದ ಕೊನೆಗೆ ನಿಂತು ಆಯದ ಜೋಳ ಇಸಕೊಳ್ಳಬೇಕು. ನೆಟ್ಟಗೆ ನಿಂತು ಕೇಳಿದವನಿಗೆ ಆ ವರ್ಷ ಜೋಳವಿಲ್ಲ. ಕರಿ ಎರೆಭೂಮಿಯಲ್ಲಿ ಮಳೆ ನಂಬಿ ಬದುಕುವ ಜನಕ್ಕೆ ಒಂದು ಸುಗ್ಗಿಯ ಜೋಳ ಅಂದರೆ ಒಂದು ವರ್ಷದ ಜೀವ. ಹೀಗಾಗಿ ‘ವಿನಯ’ ನಮ್ಮ ಹಿರಿಯರಿಗೆ ಸ್ವಭಾವವಾಗಿ ಬಂದದ್ದಲ್ಲ, ಹೊಟ್ಟೆಪಾಡಿನ ವಿದ್ಯೆಯಾಗಿ ಬಂತು. ಅಂಬೇಡ್ಕರ್ ಇದನ್ನು ಬಹಳ ಬೇಗ ಕಂಡರು. ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅವರು ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಈ ಕಾರಣಕ್ಕೇ. ೧೯೫೬ರವರೆಗೆ ಈ ನಾಲ್ಕೂ ತಾಲೂಕುಗಳು ಮುಂಬಯಿ ಆಳ್ವಿಕೆಯಲ್ಲೇ ಇದ್ದವು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವಂಶಪರಂಪರೆಯ ಚಾಕರಿ ಕಾಗದದ ಮೇಲೆ ನಿಂತಿತು. ಕಾಯ್ದೆ ಚಾಕರಿಯನ್ನು ರದ್ದು ಮಾಡಿತು. ಬಾಗಿದ ಬೆನ್ನಿಗೆ, ‘ಲೇ’ ಅನ್ನುವ ನಾಲಿಗೆಗೆ ರದ್ದತಿಯ ನೋಟೀಸು ಹೋಗಲಿಲ್ಲ.

ಇನ್ನೊಂದು ಮಾತು. ಅಕ್ಷರ ಬಾರದವರಿಗೆ ಬುದ್ಧಿಯಿಲ್ಲ ಎಂಬ ನಂಬಿಕೆ ಜಾತಿಬುದ್ಧಿಯ ಮಾತಿನ ಜೋಡಿಯಾಗಿ ಬಂದಿದೆ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಸೇರು, ಪಾವು, ಚಟಾಕುಗಳ ಲೆಕ್ಕವನ್ನು ಎಂಟು ಮನೆಯ ಬಾಕಿ ಸಮೇತ ತಲೆಯಲ್ಲಿಟ್ಟುಕೊಂಡಿದ್ದಳು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ತಂದರು. ಓದುಬರಹವಿಲ್ಲದ ಹೆಂಗಸರ ನೆನಪಿನಲ್ಲಿ ಎಂಥ ಸಾಹಿತ್ಯವಿತ್ತು ಎಂಬುದನ್ನು ಕನ್ನಡಕ್ಕೆ ತೋರಿಸಿದ ದೊಡ್ಡ ಕೆಲಸ ಅದು. ಆದರೆ ಆ ಹೆಸರಿನಲ್ಲೇ ಒಂದು ಆಯ್ಕೆ ಇದೆ ಎನ್ನುವುದನ್ನೂ ನೋಡಬೇಕು. ದೇವರಿಗೆ ಬಿಟ್ಟ ಹೆಣ್ಣು ‘ಗರತಿ’ಯ ಲೆಕ್ಕಕ್ಕೆ ಬರುವವಳಲ್ಲ. ಈ ಸೀಮೆಯ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಎಷ್ಟೋ ಜನ. ಕರ್ನಾಟಕದಲ್ಲಿ ೧೯೮೨ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಆ ಹುಡುಗಿಯರಿಗೂ ‘ಅದು ಅವರ ರಕ್ತದಲ್ಲೇ ಇದೆ’ ಎಂದು ಊರು ಹೇಳುತ್ತಿತ್ತು. ಮುತ್ತು ಕಟ್ಟಿದ ದಿನ ಅವರಿಗೆ ಎಷ್ಟು ವಯಸ್ಸಾಗಿತ್ತು ಎಂದು ಊರು ಕೇಳಲಿಲ್ಲ.

೪

ಈ ನೆಲದಲ್ಲಿ ಹುಟ್ಟಿನ ಅಹಂಕಾರವನ್ನು ಯಾರೂ ಪ್ರಶ್ನಿಸಲೇ ಇಲ್ಲವೆ? ಪ್ರಶ್ನಿಸಿದರು. ಪ್ರಶ್ನಿಸಿದವನ ಹೆಸರೇ ಊರಿಗೆ ಬಂದಿದೆ. ಬಾಗೇವಾಡಿಯ ಅಗ್ರಹಾರದಲ್ಲಿ ಹುಟ್ಟಿದ ಬಸವಣ್ಣ ಹನ್ನೆರಡನೆಯ ಶತಮಾನದಲ್ಲಿ ಜನಿವಾರದ ಹಾದಿ ಬಿಟ್ಟು ಬಂದ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಜತೆ ತನ್ನ ನಂಟು ಹೇಳಿಕೊಂಡ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು, ಶರಣರು ಚೆದುರಿಹೋದರು ಎಂದು ಪರಂಪರೆ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಒಟ್ಟಿಗೆ ಕೂತು ಮಾತಾಡಿದ್ದಕ್ಕೆ, ವಚನ ಹೇಳಿದ್ದಕ್ಕೆ ವ್ಯವಸ್ಥೆ ಆ ಮಟ್ಟದಲ್ಲಿ ಕೆರಳಲಿಲ್ಲ, ಮದುವೆಗೆ ಕೆರಳಿತು. ಮಾತು ಬದಲಾದರೆ ವ್ಯವಸ್ಥೆ ಸಹಿಸುತ್ತದೆ, ಹೆಣ್ಣು-ಗಂಡಿನ ಸಂಬಂಧದ ಗೆರೆ ಅಳಿಸಿದರೆ ಸಹಿಸುವುದಿಲ್ಲ. ಆಮೇಲಿನ ಚರಿತ್ರೆ ಇದನ್ನೇ ಖಚಿತ ಮಾಡಿತು. ಹುಟ್ಟಿನ ಮೇಲು-ಕೀಳನ್ನು ಒಪ್ಪದ ಧರ್ಮವೊಂದು ಕಾಲಾಂತರದಲ್ಲಿ ತನ್ನೊಳಗೇ ಮದುವೆಯ ಗೆರೆಗಳನ್ನು ಎಳೆದುಕೊಂಡು ತಾನೂ ಹುಟ್ಟಿನಿಂದ ಗುರುತಿಸುವ ಜಾತಿಗಳ ಗುಂಪಾಯಿತು. ವಚನ ಬಾಯಿಪಾಠವಾಗಿ ಉಳಿಯಿತು, ಬಾವಿ ಬೇರೆಯಾಗಿಯೇ ಉಳಿಯಿತು. ಬಸವಣ್ಣನ ಊರಲ್ಲೂ ಕೇರಿ ಇದೆ.

ಬಸವಣ್ಣನಿಂದ ಏಳೂವರೆ ಶತಮಾನ ಮುಂದೆ ಬಂದರೆ, ೧೯೧೬ರ ಮೇ ೯ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ೨೫ ವರ್ಷದ ಒಬ್ಬ ದಲಿತ ವಿದ್ಯಾರ್ಥಿ ಈ ಗಂಟನ್ನು ಬಿಚ್ಚುತ್ತಾನೆ. ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ ಅಂಬೇಡ್ಕರ್ ಓದಿದ ‘ಭಾರತದಲ್ಲಿ ಜಾತಿಗಳು’ ಪ್ರಬಂಧದ ತಿರುಳು ಎರಡು ಮಾತು. ಜಾತಿಯ ಮೂಲಲಕ್ಷಣ ಒಳಮದುವೆ. ಅದು ಹರಡಿದ್ದು ಅನುಕರಣೆಯಿಂದ. ಒಂದು ವರ್ಗ ತನ್ನ ಬಾಗಿಲು ಹಾಕಿಕೊಂಡಿತು. ಅದನ್ನು ನೋಡಿ ಕೆಲವರು ತಾವೂ ಹಾಕಿಕೊಂಡರು. ಇನ್ನು ಕೆಲವರು ತಮ್ಮ ಪಾಲಿಗೆ ಬಾಗಿಲೆಲ್ಲ ಮುಚ್ಚಿರುವುದನ್ನು ಕಂಡರು. ಮೇಲಿನವರನ್ನು ಕೆಳಗಿನವರು ಅನುಕರಿಸುತ್ತಾರೆ, ಹತ್ತಿರದವರು ಹೆಚ್ಚು ಅನುಕರಿಸುತ್ತಾರೆ ಎಂಬ ಫ್ರೆಂಚ್ ಚಿಂತಕ ಗೇಬ್ರಿಯಲ್ ಟಾರ್ಡ್‌ನ ಸೂತ್ರಗಳನ್ನು ಅವರು ಇದಕ್ಕೆ ಬಳಸಿದರು.

ಆ ವಿಶ್ವವಿದ್ಯಾಲಯದ ಗಾಳಿಯೂ ಇಲ್ಲಿ ಮುಖ್ಯ. ಜನಾಂಗದಿಂದ ಬುದ್ಧಿಯನ್ನು ಅಳೆಯಲಾಗದು ಎಂದು ೧೯೧೧ರಲ್ಲಿ ಪುಸ್ತಕ ಬರೆದ ಫ್ರಾಂಜ್ ಬೋವಾಸ್ ಅಲ್ಲಿದ್ದರು. ಗೋಲ್ಡನ್‌ವೈಸರ್ ಅವರ ಶಿಷ್ಯ. ಡಾರ್ವಿನ್ನನಿಂದ ತತ್ವಶಾಸ್ತ್ರ ಏನು ಕಲಿಯಬೇಕು ಎಂದು ೧೯೧೦ರಲ್ಲಿ ಬರೆದ ಜಾನ್ ಡ್ಯೂಯಿ ಅಂಬೇಡ್ಕರರ ಗುರು. ಯಾವುದೂ ಸ್ಥಿರವಲ್ಲ, ಎಲ್ಲವೂ ಹುಟ್ಟಿ ಬದಲಾಗುವಂಥದ್ದು ಎಂಬುದು ಡ್ಯೂಯಿ ಡಾರ್ವಿನ್ನನಿಂದ ತೆಗೆದ ಪಾಠ. ಬುದ್ಧನನ್ನು ಓದುವವನಿಗೆ ಇದು ಪರಕೀಯ ಮಾತಲ್ಲ. ಸಂಸ್ಕೃತಿ ತಲೆಯಿಂದ ತಲೆಗೆ ದಾಟುವ ಬಗೆಯನ್ನು ಇಂದು ವಿಜ್ಞಾನಿಗಳು ಲೆಕ್ಕ ಹಾಕಿ ಅಧ್ಯಯನ ಮಾಡುತ್ತಿದ್ದಾರೆ. ಜಾತಿಯ ಬಗ್ಗೆ ಆ ಬಗೆಯ ಚಿಂತನೆಯನ್ನು ನೂರು ವರ್ಷ ಮೊದಲೇ ಮಾಡಿದವರು ಅಂಬೇಡ್ಕರ್ ಎಂದು ನಮ್ಮ ವಿಮರ್ಶೆ ಜೋರಾಗಿ ಹೇಳಬೇಕಿತ್ತು, ಹೇಳಿಲ್ಲ.

೫

ಕಣದ ಮಾತು ಸರಕಾರದ ಮಾತಾದದ್ದು ಬ್ರಿಟಿಷರ ಕಾಲದಲ್ಲಿ. ೧೮೮೪ರಲ್ಲಿ ಬಂದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ವಿಜಾಪುರ ಸಂಪುಟವನ್ನು ತೆರೆದು ನೋಡಿ. ಒಂದೊಂದು ಜಾತಿಗೂ ಮೈಬಣ್ಣ, ಮನೆ, ಊಟ, ಉಡುಗೆಗಳ ಜತೆಗೆ ಒಂದು ಸಾಲು ಸ್ವಭಾವವನ್ನೂ ಬರೆದಿದ್ದಾರೆ. ಒಬ್ಬರು ದುಡಿಮೆಗಾರರು, ಒಬ್ಬರು ಕೊಳಕರು, ಒಬ್ಬರು ಸಿಟ್ಟಿನವರು. ಇಡೀ ಜನಸಮುದಾಯದ ಮನಸ್ಸು ಒಂದು ಸಾಲಿಗೆ ಮುಗಿಯಿತು. ಈ ಸಾಲುಗಳನ್ನು ಸಾಹೇಬರಿಗೆ ಹೇಳಿ ಬರೆಸಿದವರು ಯಾರು? ಕಚೇರಿಯಲ್ಲಿ ಅಕ್ಷರ ಬಲ್ಲವರು ಯಾವ ಜಾತಿಯವರಿದ್ದರು ಎಂದು ನೆನೆದರೆ ಉತ್ತರ ಕಷ್ಟವಲ್ಲ. ಊರಿನ ಮಾತು ಇಂಗ್ಲಿಷಿಗೆ ಹೋಗಿ ‘ಮಾಹಿತಿ’ಯಾಗಿ ತಿರುಗಿ ಬಂತು.

ಇದರ ಕ್ರೂರ ರೂಪ ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ನೇಕಾರನ ಮಗ ನೇಕಾರ, ಬಡಿಗನ ಮಗ ಬಡಿಗ, ಹಾಗೇ ಕಳ್ಳನ ಮಗ ಕಳ್ಳ ಎಂಬುದು ಅದರ ಹಿಂದಿನ ವಾದ. ಜಾತಿಬುದ್ಧಿ ಎಂಬ ಮಾತೇ ಕಾನೂನಾಯಿತು. ೧೯೧೧ರಲ್ಲಿ ಅದು ಮುಂಬಯಿ ಪ್ರಾಂತ್ಯಕ್ಕೂ ಬಂತು. ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ ಮುಂತಾದ ಅಲೆಮಾರಿ ಜನರನ್ನು ಹಾಜರಿ ಹಾಕಿ, ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ತಂತಿ ಬೇಲಿಯ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. ಗಮನಿಸಬೇಕಾದ ವಿಚಿತ್ರ ಇಲ್ಲಿದೆ. ಕಳ್ಳತನ ರಕ್ತದಲ್ಲಿದೆ ಎಂದು ಕಾಯ್ದೆ ಹೇಳಿತು. ಅದೇ ಕಾಯ್ದೆಯ ಸೆಟ್ಲಮೆಂಟು ಅವರ ಮಕ್ಕಳಿಗೆ ಸಾಲಿ ತೆಗೆಯಿತು, ದೊಡ್ಡವರನ್ನು ಮಿಲ್ಲಿನ ಕೆಲಸಕ್ಕೆ ಕಳಿಸಿತು. ರಕ್ತದಲ್ಲಿದ್ದರೆ ಸಾಲಿ ಯಾತಕ್ಕೆ? ಸರಕಾರಕ್ಕೂ ತನ್ನ ಸಿದ್ಧಾಂತದ ಮೇಲೆ ನಂಬಿಕೆ ಇರಲಿಲ್ಲ. ಬೇಕಾದದ್ದು ಅಗ್ಗದ ಕೂಲಿ, ಕಣ್ಣಳತೆಯಲ್ಲಿರುವ ಜನ. ೧೯೫೨ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಊರಲ್ಲಿ ಕಳವಾದರೆ ಪೋಲೀಸರ ಜೀಪು ಮೊದಲು ಯಾವ ಓಣಿಗೆ ಹೋಗುತ್ತದೆ ಎಂಬುದು ನಿಮಗೂ ಗೊತ್ತು.

ಇದೇ ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಮೂಗಿನ ಅಳತೆಯಿಂದ ಜಾತಿಯ ಎತ್ತರ ಹೇಳಬಹುದು ಎಂದು ಹೊರಟ. ೧೯೦೧ರ ಜನಗಣತಿ ನಡೆಸಿದವನೂ ಅವನೇ. ಅಂಬೇಡ್ಕರ್ ೧೯೪೮ರ ಪುಸ್ತಕದಲ್ಲಿ ಆ ಬಗೆಯ ಅಳತೆಗಳನ್ನೇ ಇಟ್ಟುಕೊಂಡು, ಬ್ರಾಹ್ಮಣರು ಒಂದು ಜನಾಂಗವಾದರೆ ಅಸ್ಪೃಶ್ಯರೂ ಅದೇ ಜನಾಂಗ ಎಂದು ತೋರಿಸಿದರು. ಅದಕ್ಕೂ ಮೊದಲು, ೧೯೩೬ರ ‘ಜಾತಿ ವಿನಾಶ’ದಲ್ಲಿ, ಜಾತಿ ಎಂದರೆ ಒಳ್ಳೆಯ ತಳಿ ಉಳಿಸುವ ಉಪಾಯ ಎಂದು ವಿಜ್ಞಾನದ ವೇಷ ಹಾಕಿ ಬಂದ ವಾದಕ್ಕೆ ಅವರು ಉತ್ತರ ಕೊಟ್ಟಿದ್ದರು. ಇಷ್ಟು ಶತಮಾನ ತಳಿ ಕಾಯ್ದ ದೇಶದಲ್ಲಿ ಬಹುಪಾಲು ಜನ ಸೈನ್ಯಕ್ಕೆ ಸೇರಲು ಯೋಗ್ಯರಲ್ಲದಷ್ಟು ಕುಗ್ಗಿಹೋಗಿದ್ದಾರಲ್ಲ, ಇದೆಂಥ ತಳಿ ಎಂಬುದು ಅವರ ಪ್ರಶ್ನೆ.

೬

ಮೂಗಿನ ಕಾಲ ಹೋಯಿತು, ಈಗ ಜೀನಿನ ಕಾಲ. ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ೪,೨೦೦ ವರ್ಷ ಹಿಂದಿನಿಂದ ೧,೯೦೦ ವರ್ಷ ಹಿಂದಿನವರೆಗೆ ಭಾರತದ ಜನ ಧಾರಾಳವಾಗಿ ಬೆರೆತಿದ್ದಾರೆ. ಮೇಲುಜಾತಿ, ಕೆಳಜಾತಿ, ಬುಡಕಟ್ಟು ಎನ್ನದೆ ಹೆಚ್ಚುಕಡಿಮೆ ಎಲ್ಲರಲ್ಲೂ ಆ ಬೆರಕೆಯ ಗುರುತಿದೆ. ಆಮೇಲೆ ಬಾಗಿಲುಗಳು ಮುಚ್ಚಿದವು. ಅಂದರೆ ಒಳಮದುವೆಗೆ ಒಂದು ಚರಿತ್ರೆ ಇದೆ, ಅದು ಅನಾದಿಯಲ್ಲ. ೧೯೧೬ರ ಪ್ರಬಂಧದ ಮಾತಿಗೆ ರಕ್ತವೇ ಸಾಕ್ಷಿ ಹೇಳಿದಂತಾಯಿತು.

ಸಂಸ್ಕೃತಿ ಮೈಯನ್ನೂ ಬದಲಿಸಬಲ್ಲದು ಎಂಬುದನ್ನು ಒಪ್ಪಬೇಕು. ಹೈನಿನ ಮೇಲೆ ಬದುಕಿದ ಎಷ್ಟೋ ಜನಗಳಲ್ಲಿ ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಗುಣ ಕೆಲವು ಸಾವಿರ ವರ್ಷಗಳಲ್ಲಿ ಹರಡಿದೆ. ಹಾಗಾದರೆ ಓದುವ ಜಾತಿಗೆ ಓದುವ ಮಿದುಳು ಬಂದಿರಬಾರದೇಕೆ ಎಂದು ಕೆಲವರು ಜಾಣತನದಿಂದ ಕೇಳುತ್ತಾರೆ. ಓದು ಎಂಬುದೇ ಐದಾರು ಸಾವಿರ ವರ್ಷದ ಈಚಿನದು, ಅದರಲ್ಲೂ ಬಹುಕಾಲ ಬೆರಳೆಣಿಕೆಯ ಜನರದು. ಓದಿಗಾಗಿ ಹುಟ್ಟಿದ ಮಿದುಳು ಯಾರಿಗೂ ಇಲ್ಲ. ಪೋರ್ಚುಗಲ್ ಮತ್ತು ಬ್ರೆಜಿಲ್ ದೇಶಗಳ ೬೩ ಜನರ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓದು ಬಾರದವರು, ಬಾಲ್ಯದಲ್ಲಿ ಕಲಿತವರು, ದೊಡ್ಡವರಾದ ಮೇಲೆ ಕಲಿತವರು ಮೂವರೂ ಇದ್ದರು. ನೋಡುವುದಕ್ಕೆ, ಕೇಳುವುದಕ್ಕೆ ಇದ್ದ ಮಿದುಳಿನ ಭಾಗಗಳೇ ಓದು ಕಲಿತವರಲ್ಲಿ ಅಕ್ಷರಕ್ಕೆ ಪಳಗಿದ್ದವು. ದೊಡ್ಡವರಾದ ಮೇಲೆ ಕಲಿತವರಲ್ಲೂ ಆ ಬದಲಾವಣೆ ಕಂಡಿತು. ಅಕ್ಷರ ಮುಟ್ಟಿದ ಮಿದುಳು ಬದಲಾಗುತ್ತದೆ. ಅದಕ್ಕೆ ಬೇಕಾದದ್ದು ಪುಸ್ತಕ ಮತ್ತು ಪುರುಸೊತ್ತು. ಎರಡೂ ಯಾರ ಮನೆಯಲ್ಲಿದ್ದವು?

ನಮಗೆ ಇನ್ನೂ ಹತ್ತಿರದ್ದು ಉತ್ತರಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗ. ಮೇಲುಜಾತಿಯ ೩೨೧, ಕೆಳಜಾತಿಯ ೩೨೧ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಚಕ್ರವ್ಯೂಹದ ಆಟ ಕೊಟ್ಟರು. ಜಾತಿಯ ಮಾತೆತ್ತದೆ ಆಡಿಸಿದಾಗ ಎರಡು ಗುಂಪಿನ ನಡುವೆ ಹೇಳುವಂಥ ಅಂತರವಿರಲಿಲ್ಲ. ಎಲ್ಲರೆದುರು ಹುಡುಗರ ಹೆಸರು, ಜಾತಿ ಕೂಗಿ ಹೇಳಿ ಆಡಿಸಿದಾಗ ಕೆಳಜಾತಿಯ ಹುಡುಗರ ಗಳಿಕೆ ಗಮನಾರ್ಹವಾಗಿ ಇಳಿಯಿತು. ರಕ್ತ ಅದೇ, ಆಟ ಅದೇ. ಬದಲಾದದ್ದು ಒಂದು ಕೂಗು ಮಾತ್ರ. ನಮ್ಮ ಸಾಲಿಗಳಲ್ಲಿ ‘ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ರಿ’ ಎಂಬ ಕೂಗು ಕೇಳಿ ಎದ್ದು ನಿಂತವರಿಗೆ ಈ ಪ್ರಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದ್ದು ನಿಂತ ಮೇಲಿನ ಪಾಠ ನಮ್ಮ ತಲೆಗೆ ಹೋಗುತ್ತಿರಲಿಲ್ಲ. ಅದನ್ನು ಮಾಸ್ತರರು ಜಾತಿಬುದ್ಧಿ ಅಂದರು.

೭

ಈಗ ನಮ್ಮ ಮನೆಯ ಮಾತು. ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ೧೯೯೪ರಲ್ಲಿ ಬಂದಾಗ ಅದರ ಹೆಸರೇ ಒಂದು ವಿಮರ್ಶೆಯಾಗಿತ್ತು. ಮೀಸಲಾತಿ ಪಡೆದವರನ್ನು ಹಂಗಿಸುವ ಮಾತನ್ನು ಅವರು ತಮ್ಮ ಚರಿತ್ರೆಯ ತಲೆಬರಹ ಮಾಡಿದರು. ಆ ಬಗೆಯ ಬರವಣಿಗೆಯ ಬಲ ಎಲ್ಲಿಂದ ಬಂತು? ರಕ್ತದಿಂದ ಎಂದರೆ ನಾವು ಗೆಜೆಟಿಯರಿನ ಸಾಲನ್ನೇ ಹೊಗಳಿಕೆಯಾಗಿ ತಿರುಗಿಸಿ ಬರೆದಂತಾಗುತ್ತದೆ. ‘ಅವರು ಹುಟ್ಟಾ ಕೊಳಕರು’ ಎಂಬುದಕ್ಕೂ ‘ನಾವು ಹುಟ್ಟಾ ಬಂಡಾಯಗಾರರು’ ಎಂಬುದಕ್ಕೂ ತರ್ಕ ಒಂದೇ. ಮೊದಲನೆಯದು ಸುಳ್ಳಾದರೆ ಎರಡನೆಯದೂ ಸುಳ್ಳು.

ಹಾಗಾದರೆ ಯಾರು ಬೇಕಾದರೂ ದಲಿತ ಸಾಹಿತ್ಯ ಬರೆಯಬಹುದೆ ಎಂದು ಕೇಳುವವರಿದ್ದಾರೆ. ಅದು ಅಷ್ಟು ಸಲೀಸಲ್ಲ. ಬೊಗಸೆ ಒಡ್ಡಿ ನೀರು ಕುಡಿದ ಬೆನ್ನಿಗೆ ಗೊತ್ತಿರುವುದು ಮೇಲಿಂದ ನೀರು ಸುರಿದ ಕೈಗೆ ಗೊತ್ತಿರುವುದಿಲ್ಲ. ಆದರೆ ಬೆನ್ನು ಅದನ್ನು ಅರಿತದ್ದು ಬಾಗಿ ಬಾಗಿ, ಹುಟ್ಟಿನಿಂದಲ್ಲ. ಈ ವ್ಯತ್ಯಾಸ ಸಣ್ಣದೆಂದು ನನಗನ್ನಿಸುವುದಿಲ್ಲ. ಅನುಭವ ಎಂದರೆ ಅದಕ್ಕೆ ಕಾಲ, ಊರು, ಕೂಲಿ, ಕಾಯ್ದೆ ಎಲ್ಲ ಇರುತ್ತವೆ. ಅದನ್ನು ಪ್ರಶ್ನಿಸಬಹುದು, ಹೋಲಿಸಬಹುದು, ತಿದ್ದಬಹುದು. ರಕ್ತ ಎಂದರೆ ಮಾತು ಮುಗಿಯಿತು. ನಮ್ಮೊಳಗೂ ಹೊಲೆಯ-ಮಾದಿಗರ ನಡುವೆ ಹೆಣ್ಣು ಕೊಟ್ಟು ತರುವ ಬಾಗಿಲು ಇನ್ನೂ ಮುಚ್ಚಿಯೇ ಇದೆ. ರಕ್ತದ ಭಾಷೆ ಆ ಬಾಗಿಲಿಗೆ ಇನ್ನೊಂದು ಅಗಳಿ ಹಾಕುತ್ತದೆ. ನಮ್ಮ ಹೆಣ್ಣುಮಕ್ಕಳು ಬರೆದದ್ದನ್ನು ಓದುವಾಗ ನಮ್ಮ ಗಂಡು ವಿಮರ್ಶಕರ ನಾಲಿಗೆಯಲ್ಲಿ ‘ರೀ’ ಎಷ್ಟಿದೆ, ‘ಲೇ’ ಎಷ್ಟಿದೆ ಎಂಬ ಲೆಕ್ಕವನ್ನೂ ನಾವೇ ತೆಗೆಯಬೇಕು.

ದಲಿತ ವಿಮರ್ಶೆಯ ಕೆಲಸ, ನನ್ನ ತಿಳಿವಳಿಕೆಯಲ್ಲಿ, ಸ್ವಭಾವ ಎಂದು ಹೇಳಿದ್ದರ ಹಿಂದಿನ ಚರಿತ್ರೆ ಹುಡುಕುವುದು. ಕಾವ್ಯಮೀಮಾಂಸೆ ಪ್ರತಿಭೆ ಅಂದಾಗ ಆ ಮನೆಯಲ್ಲಿ ಎಷ್ಟು ತಲೆಮಾರಿನ ಪುಸ್ತಕವಿತ್ತು, ಅಡುಗೆ ಯಾರು ಮಾಡುತ್ತಿದ್ದರು, ಹೊಲ ಯಾರು ಗೇಯುತ್ತಿದ್ದರು ಎಂದು ಕೇಳಬೇಕು. ಕಾದಂಬರಿಯಲ್ಲಿ ನಿಷ್ಠೆಯ ಆಳು ಬಂದಾಗ ಅವನ ಆಯದ ಜೋಳ ಎಷ್ಟು ಸೇರು ಎಂದು ಕೇಳಬೇಕು. ಕಲಿತದ್ದನ್ನು ಮರೆಯಬಹುದು, ಬೇರೆಯದನ್ನು ಕಲಿಯಬಹುದು. ಆದರೆ ತಾನಾಗಿ ಆಗುವುದಿಲ್ಲ. ಕಲಿಯಲು ಒಂದು ಹಳೆಯ ಬಲವಂತವಿದ್ದಂತೆ ಮರೆಯಲೂ ಒಂದು ಹೊಸ ಏರ್ಪಾಡು ಬೇಕಾಗುತ್ತದೆ.

ಈಗ ಊರುಗಳಲ್ಲಿ ಆಯ ಇಲ್ಲ, ನಲ್ಲಿ ನೀರು ಬಂದಿದೆ, ನಮ್ಮ ಓಣಿಯ ಹುಡುಗ ಮಾಸ್ತರನಾದರೆ ಗೌಡರ ಮಗ ಎದುರಿಗೆ ‘ಸರ, ಬರ್ರಿ’ ಅನ್ನುತ್ತಾನೆ. ಹಿಂದೆ ತಿರುಗಿದಾಗ ಏನನ್ನುತ್ತಾನೆ ಎಂಬುದು ಬೇರೆ. ಆದರೂ ಅವನ ಪಕ್ಕದಲ್ಲಿ ಅವನ ನಾಲ್ಕು ವರ್ಷದ ಮಗ ನಿಂತಿರುತ್ತಾನೆ. ಮಗು ಎದುರಿನ ಮಾತನ್ನೂ ಕೇಳುತ್ತದೆ, ಹಿಂದಿನ ಮಾತನ್ನೂ ಕೇಳುತ್ತದೆ. ಎರಡರಲ್ಲಿ ಅದು ಯಾವುದನ್ನು ಕಲಿಯುತ್ತದೆ ಎಂಬುದು ಅದರ ರಕ್ತದಲ್ಲಿ ಬರೆದಿಲ್ಲ.